ರೋಬೋಟ್ ಡಾಕ್ಟರ ಕೈಗುಣ

ಎಲ್ಲ ಕೆಟ್ಟಿದ್ದು ನಾಗಯ್ಯನ ಒಂದು ಪ್ರಶ್ನೆಯಿಂದ.

ಡಾಕ್ಟರ್ ಶಶಿಧರ ಮೈಸೂರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ರೋಬೋಟಿನಿಂದ ಆಪರೇಷನ್ ಮಾಡುವುದರಲ್ಲಿ ಹೆಸರಾದವನು. ಆ ಭಾನುವಾರ ಅವನು ಶಿವಪುರಕ್ಕೆ ಬಂದದ್ದು ದೊಡ್ಡಪ್ಪ ಕೆಂಪಯ್ಯನನ್ನು ಕರೆದೊಯ್ಯಲು. ಕಾಯಿಲೆ ಬೇಗ ಗೊತ್ತಾಗಿತ್ತು, ಮರುದಿನವೇ ಆಪರೇಷನ್. ಕೆಂಪಯ್ಯ ಬಿಳಿ ಅಂಗಿ ತೊಟ್ಟು, ಬ್ಯಾಗು ಪಕ್ಕಕ್ಕಿಟ್ಟುಕೊಂಡು ಜಗಲಿಯ ಮೇಲೆ ಸಿದ್ಧನಾಗಿ ಕೂತಿದ್ದ. ಇನ್ನೇನು ಹೊರಡಬೇಕು, ಮಳವಳ್ಳಿಯಿಂದ ಬಂದಿದ್ದ ಅವನ ಭಾಮೈದ ನಾಗಯ್ಯ ಬಾಯಿ ತೆರೆದ.

"ರೋಬೋಟೇ ಎಲ್ಲಾ ಕುಯ್ತದೆ ಅಂದ್ರೆ ನಿಂದೇನ್ಲಾ ಕೆಲ್ಸ? ಸ್ವಿಚ್ ಅದುಮೋದಾ?"

ಕಳಿಸಿಕೊಡಲು ನೆರೆದಿದ್ದವರೆಲ್ಲ ನಕ್ಕರು. ಶಶಿಧರ ದಂಗಾದ. ತಲೆಗೂದಲು ಉದುರುವವರೆಗೆ ಕಲಿತ ವಿದ್ಯೆ ಒಂದು ಸ್ವಿಚ್ಚಿಗೆ ಇಳಿದುಬಿಟ್ಟಿತಲ್ಲ. ಹೊರಡುವುದನ್ನು ಬಿಟ್ಟು ವಿವರಿಸಲು ಕೂತ. ತಾನು ಪೆಟ್ಟಿಗೆಯೊಂದರ ಮುಂದೆ ಕೂತು ಬೆರಳಾಡಿಸಿದಂತೆ ಯಂತ್ರದ ತೋಳುಗಳು ರೋಗಿಯ ಹೊಟ್ಟೆಯೊಳಗೆ ಆಡುತ್ತವೆ, ತಾನು ನಿಂತರೆ ಅವೂ ನಿಲ್ಲುತ್ತವೆ ಎಂದ. ನಾಗಯ್ಯ ತಲೆಯಲ್ಲಾಡಿಸಿದ. ಪಕ್ಕದ ಮನೆಯ ಪುಟ್ಟಮಾದಮ್ಮ, ನಡುವೆ ಕರೆಂಟು ಹೋದರೆ ರೋಬೋಟಿಗೆ ಕಣ್ಣು ಕಾಣುತ್ತದೆಯೇ ಎಂದು ಕೇಳಿದಳು.

ಶಶಿಧರನಿಗೆ ರೇಗಿಹೋಯಿತು. ಸಿಪ್ಪೆ ಸುಲಿದು ತನ್ನ ಕೈಚಳಕ ತೋರಿಸಲೆಂದು ದೊಡ್ಡಮ್ಮ ಹೊಂಬಾಳಮ್ಮನಿಂದ ಒಂದು ಟೊಮೆಟೊ, ಎರಡು ಇಕ್ಕಳ ತರಿಸಿದ. ಕಲಿಯುವಾಗ ರೋಬೋಟಿನ ಬೆರಳಲ್ಲಿ ದ್ರಾಕ್ಷಿಯ ಸಿಪ್ಪೆ ಸುಲಿದು ಮತ್ತೆ ಹೊಲಿದಿದ್ದವನಿಗೆ ಟೊಮೆಟೊ ಯಾವ ಲೆಕ್ಕ. ಆದರೆ ಒಲೆಯ ಇಕ್ಕಳಕ್ಕೆ ಆ ನಾಜೂಕು ಎಲ್ಲಿಂದ ಬರಬೇಕು? ಟೊಮೆಟೊ ಗಾಣಕ್ಕೆ ಸಿಕ್ಕ ಕಬ್ಬಿನಂತೆ ಪಿಚಕ್ಕನೆ ಒಡೆದು ಕೆಂಪಯ್ಯನ ಹೊಟ್ಟೆಯ ಮೇಲೆಲ್ಲ ಚಿಮ್ಮಿತು.

ಕೆಂಪಯ್ಯ ತನ್ನ ಹೊಟ್ಟೆಯನ್ನೊಮ್ಮೆ, ಶಶಿಧರನ ಕೈಯನ್ನೊಮ್ಮೆ ನೋಡಿ, ಬ್ಯಾಗೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮುದುಕ ಹೆದರಿ ಹಿಂದೆ ಸರಿದರೆ ಕಾಯಿಲೆ ಸರಿಯುತ್ತದೆಯೇ? ಮಾನ ಹೋದರೆ ಹೋಗಲಿ ಎಂದು ಶಶಿಧರ ಬಾಗಿಲಿಗೆ ಓಡಿದ.

"ದೊಡ್ಡಪ್ಪ, ನಾಗಯ್ಯ ಮಾವ ಹೇಳಿದ್ದೇ ನಿಜ. ಎಲ್ಲಾ ಮಿಷನ್ನೇ ಮಾಡೋದು. ನಾನು ಸುಮ್ನೆ ಕೂತಿರ್ತೀನಿ."

ಬಾಗಿಲು ತೆರೆಯಿತು. ಕೆಂಪಯ್ಯ ಒಗೆದ ಅಂಗಿಯೊಂದನ್ನು ತೊಟ್ಟು ನಿಂತಿದ್ದ. ಗುಂಡಿ ಹಾಕುತ್ತಿದ್ದ ಬೆರಳು ಅರ್ಧದಲ್ಲೇ ನಿಂತಿತ್ತು. ಅವನು ಒಳಗೆ ಹೋದದ್ದು ಅಂಗಿ ಬದಲಿಸಲು.

"ನಿನ್ ಕೈಗುಣ ನಂಬ್ಕಂಡು ಒಪ್ಕಂಡಿದ್ನಲ್ಲಾ," ಎಂದ, ಮೆಲ್ಲಗೆ.

ಕೈ ನನ್ನದೇ, ಈಗ ಹೇಳಿದ್ದು ಸುಳ್ಳು ಎಂದು ಶಶಿಧರ ಆಣೆಯಿಟ್ಟ. ಹಾಗಾದರೆ ಆಗ ಹೇಳಿದ್ದು ಸುಳ್ಳಲ್ಲವೆಂದು ಯಾರು ಬಲ್ಲರು ಎಂದ ನಾಗಯ್ಯ, ಜಗಲಿಯಿಂದಲೇ. ಕೆಂಪಯ್ಯ ಹೋಗಿ ಕಾರಿನಲ್ಲಿ ಕೂತ. ಶಶಿಧರನಿಗೆ ಹೋದ ಜೀವ ಬಂದಂತಾಯಿತು. ಕಾರು ಮದ್ದೂರು ದಾಟಿತು.

"ಮೈಸೂರ್‌ಗಂಟ ಬ್ಯಾಡ ಕಣ್ಲಾ," ಎಂದ ಕೆಂಪಯ್ಯ. "ಮಂಡ್ಯದಾಗೇ ನಿಲ್ಸು. ಅಲ್ಲಿ ಕೈಯಲ್ಲೇ ಕುಯ್ಯೋ ಡಾಕ್ಟ್ರು ಅವ್ರಂತೆ. ನೀನೂ ಒಳೀಕೆ ಬಾ. ಎಂಗೂ ಸುಮ್ಕೆ ಕುಂತಿರ್ತೀಯಲ್ಲ, ನನ್ ಕೈ ಇಡ್ಕಂಡು ಕುಂತ್ಕೊ."