ಎರಡು ಲೀಟರ್, ಎಡಗೈಯಲ್ಲಿ

ಶ್ರೀಪಾದನ ಸಂಕಟಕ್ಕೆ ಕಾರಣ ಅವನ ಪ್ರಬಂಧದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿದ್ದ ಒಂದೇ ಒಂದು ಸಾಲು: "ಇವು ಹದಿನಾಲ್ಕು ಮೂಲಗಳೋ, ಹದಿನಾಲ್ಕು ಬಾಯಲ್ಲಿ ಬಂದ ಒಂದೇ ಮೂಲವೋ?"

ಬರೆದವರು ಅವನ ಅಧ್ಯಾಪಕಿ ಅರೋಹಾ. ನ್ಯೂಜಿಲೆಂಡಿನಲ್ಲಿ, ಮನುಕಾವ್ ಪೇಟೆ ದಾಟಿದ ಮೇಲೆ ಸಿಗುವ ಒಂದು ಪುಟ್ಟ ತೋಟಗಾರಿಕೆ ಕಾಲೇಜಿನಲ್ಲಿ ಶ್ರೀಪಾದ ಡಿಪ್ಲೊಮಾ ಓದುತ್ತಿದ್ದ. ಪ್ರಬಂಧದ ವಿಷಯ, ಆಕ್ಲೆಂಡಿನ ಚಳಿಯಲ್ಲಿ ಕರಿಬೇವಿನ ಆರೈಕೆ. ಚಳಿಗೆ ಮುಂಚೆ ಬುಡಕ್ಕೆ ಹುಳಿ ಮಜ್ಜಿಗೆ ಸುರಿದರೆ ಗಿಡ ಎಲೆ ಉದುರಿಸುವುದಿಲ್ಲ ಎಂಬುದು ಅದರ ಸಾರ. ಇದಕ್ಕೆ ಆಧಾರವಾಗಿ ತಾನಿದ್ದ ತಕಾನಿನಿ ಬಡಾವಣೆಯ ಹದಿನಾಲ್ಕು ಕನ್ನಡದ ಮನೆಗಳ ಮಾತು, ಜೊತೆಗೆ ಕಾಲೇಜೇ ಅಚ್ಚು ಹಾಕಿಸಿದ ಮನೆತೋಟದ ಒಂದು ಕರಪತ್ರ. ಅಚ್ಚಾದ ಮೂಲ ಒಂದಾದರೂ ಇಲ್ಲದ ಪ್ರಬಂಧ ಪಾಸಾಗದು ಎಂಬ ನಿಯಮವಿತ್ತು. ಕರಪತ್ರದ ಪಕ್ಕದಲ್ಲಿ ಅರೋಹಾ ಸರಿ ಗುರುತು ಹಾಕಿದ್ದರಿಂದ ಆ ಕಡೆಯ ಚಿಂತೆ ಇರಲಿಲ್ಲ. ಚಿಂತೆ ಹದಿನಾಲ್ಕು ಮನೆಗಳದ್ದು.

ತಿದ್ದಿದ ಪ್ರಬಂಧ ಇವತ್ತೇ, ಶನಿವಾರ, ಸಂಜೆ ಐದರೊಳಗೆ ಹೋಗಬೇಕು. ಈ ವರ್ಷಕ್ಕೆ ಇದೇ ಕೊನೆಯ ಅವಕಾಶ. ಡಿಪ್ಲೊಮಾ ಸಿಕ್ಕರೆ ನರ್ಸರಿಯಲ್ಲಿ ಮೇಲ್ವಿಚಾರಕನ ಕೆಲಸ ಕಾದಿತ್ತು. ಸಿಗದಿದ್ದರೆ ಅದೇ ನರ್ಸರಿಯಲ್ಲಿ ಗೊಬ್ಬರದ ಚೀಲ ಹೊರುವ ಈಗಿನ ಕೆಲಸವಂತೂ ಎಲ್ಲೂ ಹೋಗುತ್ತಿರಲಿಲ್ಲ.

"ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಅಂತ ಬೇರೆಯವರ ತಪ್ಪು ಹುಡುಕಿ ಹುಡುಕಿ ಸಂಬಳ ತಗೊಂಡ್ರಿ," ಎಂದಳು ಹೆಂಡತಿ ಹರ್ಷಿತಾ, ದೋಸೆ ಮಗುಚುತ್ತಾ. "ಈಗ ನಿಮ್ಮದನ್ನ ಅವರು ಹುಡುಕ್ತಿದಾರೆ. ಸರಿಹೋಯ್ತು."

ಶ್ರೀಪಾದ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು, ನರ್ಸರಿಯ ಕಿತ್ತಳೆ ಜಾಕೆಟ್ ತೊಟ್ಟು ಹೊರಟ. ಬೇರೆ ಜಾಕೆಟ್ ಒಗೆಯಲು ಬಿದ್ದಿತ್ತು.

ಮೊದಲು ಪಕ್ಕದ ಮನೆಯ ರತ್ನಾ ಆಂಟಿ. ಅವರ ಕರಿಬೇವು ಹೀಟರಿನ ಮುಂದೆ ಮುದ್ದಿನ ಮೊಮ್ಮಗನಂತೆ ಕೂತಿತ್ತು.

"ಆಂಟಿ, ಮಜ್ಜಿಗೆ ವಿಷಯ ನಿಮಗೆ ಮೊದಲು ಹೇಳಿದವರು ಯಾರು?"

"ಯಾರು ಹೇಳ್ಬೇಕು? ಎಲ್ಲರಿಗೂ ಗೊತ್ತಿರೋದೇ ಅಲ್ವೇನಪ್ಪಾ. ಎರಡು ಲೀಟರ್, ಎಡಗೈಯಲ್ಲಿ."

"ಎಡಗೈಯಲ್ಲಿ ಯಾಕೆ?"

ರತ್ನಾ ಆಂಟಿ ಅವನನ್ನು ಕರುಣೆಯಿಂದ ನೋಡಿದರು. "ಬಲಗೈಯಲ್ಲಿ ಶಾಖ ಜಾಸ್ತಿ ಇರತ್ತೆ. ಸೈನ್ಸ್ ಓದಿದೀಯ, ಅಷ್ಟೂ ಗೊತ್ತಿಲ್ವಾ?"

ಶ್ರೀಪಾದ ತನ್ನ ಹಾಳೆ ತಿರುವಿದ. ರಮೇಶ್: ಎರಡು ಲೀಟರ್, ಎಡಗೈ. ಅನಂತ್: ಎರಡು ಲೀಟರ್, ಎಡಗೈ. ಚೊಂಬಿನಷ್ಟು ಕುಂಡ ಇಟ್ಟುಕೊಂಡಿದ್ದ ಸುಶೀಲಾ ಕೂಡ ಎರಡು ಲೀಟರ್, ಎಡಗೈ. ಅವನಿಗೆ ಹಳೆಯ ಟೆಸ್ಟಿಂಗ್ ಕೆಲಸ ನೆನಪಾಯಿತು. ಹತ್ತು ಪ್ರೋಗ್ರಾಮುಗಳಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿದ್ದರೆ ಒಬ್ಬನೇ ಬರೆದಿದ್ದಾನೆ, ಉಳಿದವರು ನಕಲು ಮಾಡಿದ್ದಾರೆ ಎಂದು ಅರ್ಥ. ಅರೋಹಾ ಹೇಳಿದ್ದು ನಿಜ. ಆ ಒಬ್ಬ ಯಾರು ಎಂದು ತೋರಿಸಿಬಿಟ್ಟರೆ ಪ್ರಬಂಧಕ್ಕೆ ತೂಕ ಬರುತ್ತದೆ.

"ಹೆಸರು ನೆನಪು ಮಾಡ್ಕೊಳ್ಳಿ ಆಂಟಿ. ನಾನು ಬರ್ಕೋಬೇಕು."

"ಬರ್ಕೊಂಡು ಯಾರಿಗೆ ಕೊಡ್ತೀಯ?" ರತ್ನಾ ಆಂಟಿಯ ಕಣ್ಣು ರಟ್ಟಿನ ಮೇಲೆ ಬಿತ್ತು, ಅಲ್ಲಿಂದ ಜಾಕೆಟ್ಟಿನ ಮೇಲೆ. "ಧಾರವಾಡದ ರಮೇಶ್ ಹೇಳಿದ್ದು. ನನ್ನ ಹೆಸರು ಹಾಕ್ಬೇಡ."

ರಮೇಶನ ಮನೆ ಮೂರನೇ ಬೀದಿಯಲ್ಲಿ. ಶ್ರೀಪಾದ ನಡೆದು ಹೋಗುವುದಕ್ಕಿಂತ ಬೇಗ ಸುದ್ದಿ ವಾಟ್ಸಾಪಿನಲ್ಲಿ ಹೋಗಿ ಮುಟ್ಟಿತ್ತು: ಶ್ರೀಪಾದ ಗಿಡಗಳ ತಪಾಸಣೆ ಇಲಾಖೆ ಸೇರಿದ್ದಾನೆ, ಯಾರ ಕರಿಬೇವು ಯಾರ ಹ್ಯಾಂಡ್‌ಬ್ಯಾಗಿನಲ್ಲಿ ವಿಮಾನ ಇಳಿಯಿತು ಎಂದು ಬರೆದುಕೊಳ್ಳುತ್ತಿದ್ದಾನೆ. ಏರ್‌ಪೋರ್ಟಿನಲ್ಲಿ ಒಂದು ಸೇಬಿಗೂ ದಂಡ ಕಟ್ಟಿಸುವ ದೇಶ ಇದು. ತಕಾನಿನಿಯ ಅರ್ಧ ಕರಿಬೇವುಗಳಿಗೆ ತಮ್ಮ ಜನ್ಮವೃತ್ತಾಂತ ಹೇಳಿಕೊಳ್ಳುವ ಧೈರ್ಯವಿರಲಿಲ್ಲ.

ಶ್ರೀಪಾದ ಗೇಟಿಗೆ ಬಂದಾಗ ರಮೇಶ್ ತನ್ನ ಯೂಟ್ ಗಾಡಿಯ ತೆರೆದ ಹಿಂಭಾಗಕ್ಕೆ ಟಾರ್ಪಾಲು ಕಟ್ಟುತ್ತಿದ್ದ. ಟಾರ್ಪಾಲಿನ ತೂತಿನಿಂದ ನಾಲ್ಕು ಹಸಿರೆಲೆ ಇಣುಕುತ್ತಿದ್ದವು.

"ರಮೇಶ್, ಕರಿಬೇವಿಗೆ ಮಜ್ಜಿಗೆ..."

"ನಮ್ಮ ಮನ್ಯಾಗ ಕರಿಬೇವೇ ಇಲ್ರಿ."

"ಮೊನ್ನೆ ತಾನೇ ನೀವೇ ಹೇಳಿದ್ರಲ್ಲ, ಹುಲುಸಾಗಿ ಬಂದಿದೆ ಅಂತ."

"ನಾ ಮೂಲಂಗಿ ಬಗ್ಗೆ ಹೇಳಿದ್ದೆ. ಕರಿಬೇವು ಅಂದ್ರ ಹೆಂಗಿರ್ತದ ಅಂತನೂ ನನಗ ಗೊತ್ತಿಲ್ರಿ."

ಒಳಗಿನಿಂದ ಕರಿಬೇವಿನ ಒಗ್ಗರಣೆ ಚಟಪಟ ಎಂದಿತು. ಇಬ್ಬರೂ ಅದನ್ನು ಕೇಳಿಸಿಕೊಳ್ಳದವರಂತೆ ನಿಂತರು.

ಅಷ್ಟರಲ್ಲಿ ಶ್ರೀಪಾದನ ಫೋನಿಗೆ ಒಂದರ ಹಿಂದೊಂದು ಸಂದೇಶಗಳು ಬಂದವು. ಅನಂತ್ ಮನೆಯಲ್ಲಿ ಕರಿಬೇವಿಲ್ಲ. ಸುಶೀಲಾ ಮನೆಯಲ್ಲಿ ಎಂದೂ ಇರಲಿಲ್ಲ. ಅರುಂಧತಿಗೆ ಅದರ ವಾಸನೆಯೇ ಆಗದು. ಬೆಳಿಗ್ಗೆ ಹದಿನಾಲ್ಕಿದ್ದ ಮೂಲಗಳು ಮಧ್ಯಾಹ್ನದ ಹೊತ್ತಿಗೆ, ಬೆಕ್ಕು ಬಂದ ಅಂಗಳದ ಗುಬ್ಬಿಗಳಂತೆ, ಒಂದೂ ಉಳಿಯಲಿಲ್ಲ.

ಶ್ರೀಪಾದ ಜಾಕೆಟ್ ಕಳಚಿ ಕಂಕುಳಲ್ಲಿ ಇಟ್ಟುಕೊಂಡ. "ನೋಡಿ, ಗಿಡ ನನಗೆ ಬೇಡ. ನನ್ನ ಕೆಲಸದ ಪ್ರಶ್ನೆ. ಮಾತು ಯಾರಿಂದ ಬಂತು ಅಷ್ಟು ಹೇಳಿ."

ಚಳಿಯಲ್ಲಿ ನಡುಗುತ್ತಿದ್ದ ಅವನನ್ನು ಕಂಡು ರಮೇಶನ ಮನಸ್ಸು ಕರಗಿತು. "ಜಯಮ್ಮಾರು ಹೇಳಿದ್ದು. ಚಂದ್ರಿಕಾನ ಅತ್ತಿ. ಆದ್ರ ನಮ್ಮಲ್ಲಿ ಗಿಡ ಇಲ್ಲ, ಅದನ್ನ ಬರ್ಕೋರಿ."

ಜಯಮ್ಮ ವರ್ಷಕ್ಕೊಮ್ಮೆ ಮೈಸೂರಿನಿಂದ ಮಗ ಮತ್ತು ಸೊಸೆ ಚಂದ್ರಿಕಾಳ ಬಳಿಗೆ ಬರುವವರು. ವಾಟ್ಸಾಪ್ ನೋಡುವವರಲ್ಲ, ಹಾಗಾಗಿ ಯಾರಿಗೂ ಹೆದರಿರಲಿಲ್ಲ.

"ನನಗೆ ಹೇಳಿದ್ದು ಒಬ್ಬ ವಿಜ್ಞಾನಿ ಕಣಪ್ಪಾ," ಎಂದರು. "ಹೋದ ವರ್ಷ ಯುಗಾದಿ ಊಟದ ದಿನ. ನಾವೆಲ್ಲ ಸೇರಿದ್ದ ಹಾಲ್ ಹಿಂದೆ ಕರಿಬೇವಿನ ಕುಂಡ ಇತ್ತಲ್ಲ, ಅದಕ್ಕೆ ಮಜ್ಜಿಗೆ ಸುರೀತಾ ನಿಂತಿದ್ರು. ಏನಪ್ಪಾ ಇದು ಅಂದೆ. ಲ್ಯಾಕ್ಟಿಕ್ ಆಸಿಡ್ಡು, ಚಳಿಗೆ ಎಲೆ ಉದುರಲ್ಲ ಅಂದ್ರು. ದೊಡ್ಡ ಮನುಷ್ಯ. ಬಲಗೈಲಿ ಬಿಸಿಬೇಳೆಬಾತಿನ ತಟ್ಟೆ, ಎಡಗೈಲಿ ಎರಡು ಲೀಟರ್ ಹಾಲಿನ ಕ್ಯಾನು."

ಶ್ರೀಪಾದನ ಪೆನ್ನು ನಿಂತಿತು.

ಹೋದ ಯುಗಾದಿಗೆ ಮಜ್ಜಿಗೆ ತರುವ ಸರದಿ ಅವನದ್ದು. ರಾತ್ರಿಯಿಡೀ ಹೀಟರಿನ ಪಕ್ಕ ಮರೆತಿದ್ದ ಮಜ್ಜಿಗೆ ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿಯಾಗಿತ್ತು. ಯಾರೂ ಲೋಟ ಮುಟ್ಟಲಿಲ್ಲ. ಕಣ್ಣಿಗೆ ಬೀಳದಂತೆ ಚೆಲ್ಲಲು ಹಾಲ್ ಹಿಂಭಾಗಕ್ಕೆ ಹೋಗಿದ್ದ. ಬೆನ್ನ ಹಿಂದೆ ಯಾರೋ ಅಜ್ಜಿ ಏನೋ ಕೇಳಿದಾಗ ಬಾಯಿಗೆ ಬಂದದ್ದು ಹೇಳಿ, ಒಳಗೆ ಹೋಗಿ ಒಬ್ಬಟ್ಟು ತಿಂದು ಮರೆತಿದ್ದ.

"ಅಮ್ಮಾ, ಆ ವಿಜ್ಞಾನಿ ನಾನೇ."

ಜಯಮ್ಮ ಕನ್ನಡಕ ಸರಿಪಡಿಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಿಡಪ್ಪಾ. ಅವರು ಓದಿದವರ ಥರ ಇದ್ರು."

"ಅತ್ತೆ ಎಲ್ಲರಿಗೂ ಹೇಳಿದಾರೆ," ಎಂದಳು ಚಂದ್ರಿಕಾ ಕಾಫಿ ತಂದಿಟ್ಟು. "ಪಾರ್ಕಲ್ಲಿ ಒಬ್ಬರು ಮೇಡಂಗೂ. ಅವರ ಮನೆ ಕರಿಬೇವು ಬಾಡ್ತಿತ್ತಂತೆ. ಅತ್ತೆ ಹೇಳಿದ್ದನ್ನ ನಾನು ಇಂಗ್ಲಿಷಲ್ಲಿ ಹೇಳ್ದೆ. ಪಾಪ, ಹಸಿರು ಪೆನ್ ತೆಗೆದು ಅಷ್ಟೂ ಬರ್ಕೊಂಡ್ರು."

ಶ್ರೀಪಾದ ಅದನ್ನೂ ಬರೆದುಕೊಂಡ. ಮೂಲಶೋಧನೆ ಎಂದಮೇಲೆ ಯಾವುದನ್ನೂ ಬಿಡಬಾರದು.

ಐದಕ್ಕೆ ಸ್ವಲ್ಪ ಮುಂಚೆ ಅವನು ಪ್ರಬಂಧ ಕಳಿಸಿದ. ಜೀವನದಲ್ಲಿ ಅಷ್ಟು ಪ್ರಾಮಾಣಿಕವಾದುದನ್ನು ಅವನು ಎಂದೂ ಬರೆದಿರಲಿಲ್ಲ. ಹದಿನಾಲ್ಕು ಬಾಯಿ, ಒಂದೇ ಮೂಲ, ಆ ಮೂಲ ಸಂಶೋಧಕನೇ, ಅವನ ಮಾತಿಗೆ ಯಾವ ಆಧಾರವೂ ಇಲ್ಲ. ಕೈ ಯಾವುದು, ತಟ್ಟೆ ಯಾವ ಕೈಯಲ್ಲಿತ್ತು, ಮಾತು ಎಲ್ಲೆಲ್ಲಿ ಹರಡಿತು, ಹಸಿರು ಪೆನ್ನಿನ ಮಹಿಳೆಯವರೆಗೂ ಎಲ್ಲ ಇತ್ತು. ಕೊನೆಗೆ, ಈಗ ನಂಬಬಹುದಾದ ಮೂಲವೆಂದರೆ ಕಾಲೇಜಿನ ಕರಪತ್ರ ಒಂದೇ ಎಂದು ಬರೆದು ಮುಗಿಸಿದ್ದ.

ಸೋಮವಾರ ಅಂಕ ಕಳಿಸಬೇಕಿದ್ದುದರಿಂದ ಅರೋಹಾ ಆ ಸಂಜೆಯೇ ಓದಿ ಉತ್ತರಿಸಿದರು. ಪರದೆಯ ಮೇಲೂ ಅಕ್ಷರಗಳು ಹಸಿರಾಗಿಯೇ ಇದ್ದವು.

"ಇಷ್ಟು ಕಟ್ಟುನಿಟ್ಟಿನ ಮೂಲಶೋಧನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಮಾಡಿಲ್ಲ. ಅಭಿನಂದನೆ. ಕರಪತ್ರದ ಕೊನೆಯ ಸಾಲನ್ನು ಓದಿದ್ದೀರಾ?"

ಶ್ರೀಪಾದ ಓದಿರಲಿಲ್ಲ. ಶೀರ್ಷಿಕೆ ನೋಡಿ ಪಟ್ಟಿಗೆ ಸೇರಿಸಿದ್ದ. ಈಗ ಹುಡುಕಿ ತೆಗೆದು ಓದಿದ. ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು: 'ಸ್ಥಳೀಯ ಹಿರಿಯರೊಬ್ಬರು ತಿಳಿಸಿದಂತೆ ಎರಡು ಲೀಟರ್, ಎಡಗೈಯಲ್ಲಿ.'

ಪತ್ರ ಮುಂದುವರಿದಿತ್ತು. "ಆ ಕರಪತ್ರ ಬರೆದವಳು ನಾನು. ನಿಮ್ಮ ವಾದವನ್ನು ಪೂರ್ತಿ ಒಪ್ಪಿ ಇವತ್ತೇ ಅದನ್ನು ಹಿಂತೆಗೆದುಕೊಂಡಿದ್ದೇನೆ. ಹಾಗಾಗಿ ನಿಮ್ಮ ಪ್ರಬಂಧಕ್ಕೆ ಅಚ್ಚಾದ ಮೂಲ ಒಂದೂ ಉಳಿಯಲಿಲ್ಲ. ನಿಯಮ ನಿಮಗೆ ಗೊತ್ತೇ ಇದೆ. ಮುಂದಿನ ವರ್ಷ ಬೇರೆ ವಿಷಯ ಆರಿಸಿಕೊಳ್ಳಿ."

ಶ್ರೀಪಾದ ಲ್ಯಾಪ್‌ಟಾಪ್ ಮುಚ್ಚಿದ. ಕಿತ್ತಳೆ ಜಾಕೆಟ್ಟನ್ನು ಸೋಮವಾರಕ್ಕೆಂದು ಮೊಳೆಗೆ ತೂಗುಹಾಕಿದ.

ಅಡುಗೆಮನೆಯಿಂದ ಹರ್ಷಿತಾ ಕೇಳಿದಳು, "ಮಜ್ಜಿಗೆ ಹುಳಿ ಬಂದಿದೆ, ಏನ್ ಮಾಡ್ಲಿ?"

"ಕರಿಬೇವಿಗೆ ಹಾಕು."

"ಒಳ್ಳೇದಾ? ಯಾರು ಹೇಳಿದ್ದು?"

ಶ್ರೀಪಾದ ರಟ್ಟಿನಿಂದ ಹಾಳೆ ಬಿಡಿಸಿದ.

"ಎಲ್ಲರೂ ಹೇಳ್ತಾರೆ," ಎಂದ.