ಗೆಸ್ಟ್ ಡಿಜೆಯನ್ನು ನಾನು ಪೊನ್ನಂಪೇಟೆ ಬಸ್ಸು ಹತ್ತಿಸಿದ್ದು

ಮಡಿಕೇರಿ ಬಸ್ ನಿಲ್ದಾಣದಿಂದ ಒಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಕಕ್ಕಬೆಗೆ ತಲುಪಿಸುವುದು ಒಂದು ಕೆಲಸವೇ? ಅದೇ ರಸ್ತೆಯಲ್ಲಿ ನಾನು ಕಾಫಿ ಮೂಟೆ ಸಾಗಿಸಿದ್ದೇನೆ, ಹಂದಿಮರಿ ಸಾಗಿಸಿದ್ದೇನೆ. ಹೆರಿಗೆ ನೋವು ಬಂದ ಪಕ್ಕದ ಮನೆಯ ಸೊಸೆಯನ್ನು ಸಕಾಲಕ್ಕೆ ಆಸ್ಪತ್ರೆಗೆ ಮುಟ್ಟಿಸಿ, ಹುಟ್ಟುವ ಮಗುವಿಗೆ ನನ್ನದೇ ಹೆಸರಿಡುತ್ತೇವೆ ಎಂಬ ಮಾತನ್ನೂ ಪಡೆದಿದ್ದೇನೆ. ಮಗು ಹೆಣ್ಣಾಯಿತು, ಆ ಮಾತು ಬೇರೆ. ಇಷ್ಟೊಂದು ಅನುಭವವಿರುವ ನನಗೆ ಒಬ್ಬ ಡಿಜೆ ಯಾವ ಲೆಕ್ಕ!

ನನ್ನ ಮಗಳು ಸಿಂಚನ ಇಬ್ಬರು ಗೆಳತಿಯರ ಜೊತೆ ಸೇರಿ ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುತ್ತಾಳೆ. ಅದರ ಪಕ್ಕದಲ್ಲೇ ಹಳೆಯ ಕಾಫಿ ಗೋಡೌನ್ ಇದೆ. ಏಪ್ರಿಲ್ ಹೊತ್ತಿಗೆ ಕಾಫಿಯೆಲ್ಲ ಮಾರಾಟವಾಗಿ ಅದು ಖಾಲಿ ಬಿದ್ದಿರುತ್ತದೆ. ಆ ಖಾಲಿ ಜಾಗದಲ್ಲಿ ನನಗೆ ಇಲಿಗಳು ಮಾತ್ರ ಕಂಡಿದ್ದವು. ಅವಳಿಗೆ ಇನ್ನೂರು ಜನ ಕುಣಿಯುವುದು ಕಂಡಿತು. ಟೆಕ್ನೋ ಮತ್ತು ಹೌಸ್ ಸಂಗೀತದ ಅಂಡರ್‌ಗ್ರೌಂಡ್ ಪಾರ್ಟಿ! ಬೇರೆ ಊರುಗಳಿಂದ ಗೆಸ್ಟ್ ಡಿಜೆಗಳು ಬೇರೆ!

"ಅಂಡರ್‌ಗ್ರೌಂಡ್ ಅಂದ್ರೆ ಎಂತ? ಗೋಡೌನ್ ನೆಲದ ಮೇಲೇ ಉಟ್ಟಲ್ಲ?" ಎಂದು ನಾನು ಕೇಳಿದೆ. ನಮ್ಮ ಮನೆಮಾತಿನಲ್ಲಿ ಉಟ್ಟು ಎಂದರೆ ಇದೆ, ಬಾದು ಎಂದರೆ ಬರುವುದು.

"ಅಪ್ಪ, ಅಂದ್ರೆ ಬೋರ್ಡ್ ಇಲ್ಲೆ, ಜಾಹೀರಾತು ಇಲ್ಲೆ. ಗೊತ್ತಿರುವವರಿಗೆ ಮಾತ್ರ ಗೊತ್ತು. ಜಾಗ ಯಾವುದು ಅಂತ ಆ ದಿನ ಬೆಳಿಗ್ಗೆ ಫೋನಿಗೆ ಬಾದು, ಅಷ್ಟೇ."

ಮೊದಲಿಗೆ ನಾನು ಇದನ್ನು ಉಗ್ರವಾಗಿ ವಿರೋಧಿಸಿದೆ. ಮಗಳು ನನ್ನೊಡನೆ ಮಾತು ಬಿಟ್ಟಳು. ಮಾತು ಬಿಟ್ಟ ಮಗಳು ಮನೆಗೆ ಬಂದಾಗಲೆಲ್ಲ ಅಮ್ಮನೊಡನೆ ಅಡುಗೆಮನೆಯಲ್ಲಿ ನಗುವುದು ಕೇಳಿಸುತ್ತಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಅಪ್ಪಂದಿರಿಗೆ ಇಲ್ಲ. ಕೊನೆಗೆ ನಾನೇ ಸೋತು, "ನಂಗೂ ಒಂದು ಕೆಲ್ಸ ಕೊಡು" ಎಂದು ಅರ್ಜಿ ಹಾಕಿಕೊಂಡೆ.

ಸಿಂಚನ ತುಂಬ ಹೊತ್ತು ಯೋಚಿಸಿದಳು. ಅಪ್ಪನಿಂದ ಹಾಳಾಗಲು ಸಾಧ್ಯವೇ ಇಲ್ಲದ ಕೆಲಸ ಯಾವುದೆಂದು ಹುಡುಕುತ್ತಿದ್ದಳೆಂದು ಈಗ ಅರ್ಥವಾಗುತ್ತದೆ.

"ಬೆಂಗಳೂರಿಂದ ಮೇನ್ ಗೆಸ್ಟ್ ಬಸ್ಸಿಲಿ ಬಂದವೆ. ಹೆಸರು ತಾರಾ. ಮಂಗಳೂರು, ಮೈಸೂರಿಂದ ಜನ ಬಾದು ಅವರಿಗಾಗಿಯೇ. ನೀವು ಮಡಿಕೇರಿಗೆ ಹೋಗಿ ಕರ್ಕಂಡ್ ಬರೊಕು. ಫೋಟೋ ಕಳ್ಸಿದೆ, ನೋಡಿ. ಮತ್ತೆ, ಯಾರ ಹತ್ರನೂ ಎಂತನೂ ಹೇಳ್ದು ಬೊತ್ತು."

ನಮ್ಮ ಅರೆಭಾಷೆಯಲ್ಲಿ ಬೊತ್ತು ಎಂದರೆ ಬೇಡ. ನಮ್ಮ ಮನೆಯಲ್ಲಿ ನನ್ನನ್ನು ಉದ್ದೇಶಿಸಿ ಅತಿ ಹೆಚ್ಚು ಬಳಕೆಯಾಗುವ ಪದ.

ಹೀಗೆ ಆ ಶನಿವಾರ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಡಿಕೇರಿ ಬಸ್ ನಿಲ್ದಾಣದಲ್ಲಿ ನಿಂತೆ. ಫೋನ್ ತೆರೆದರೆ ನೆಟ್‌ವರ್ಕ್ ಇರಲಿಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಒಂದು ಚಕ್ರ ಸುತ್ತುತ್ತಿತ್ತು. ಸುತ್ತಲಿ ಬಿಡಿ! ಡಿಜೆಯನ್ನು ಗುರುತಿಸಲು ಫೋಟೋ ಏಕೆ? ಉದ್ದ ಕೂದಲು, ಕಿವಿಯಲ್ಲಿ ಓಲೆ, ಕತ್ತಿಗೆ ದೊಡ್ಡ ಹೆಡ್‌ಫೋನ್. ತಾರಾ ಎನ್ನುವುದು ಹೆಣ್ಣಿನ ಹೆಸರಲ್ಲವೇ ಎಂಬ ಸಣ್ಣ ಅನುಮಾನ ಬಂತು. ಆದರೆ ಈ ಡಿಜೆಗಳು ಏನೇನೋ ಹೆಸರಿಟ್ಟುಕೊಳ್ಳುತ್ತಾರೆ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಬೆಂಗಳೂರಿನ ಬಸ್ಸು ಬಂತು. ಜನ ಇಳಿದರು. ಅವರಲ್ಲಿ ಒಬ್ಬ ಮಹಿಳೆ ನೇರವಾಗಿ ನನ್ನ ಬಳಿಗೇ ಬಂದರು. ಐವತ್ತರ ಆಸುಪಾಸು. ಕಾಟನ್ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಕೊಡೆ. ಹೆಗಲಿಗೆ ತೂಗಿದ್ದ ಚೌಕದ ಬ್ಯಾಗು ಎಷ್ಟು ಭಾರವಿತ್ತೆಂದರೆ ಅವರು ಒಂದು ಕಡೆಗೆ ವಾಲಿದ್ದರು.

"ಸರ್, ಇವತ್ತು ಕಕ್ಕಬೆ ಹತ್ರ ಏನೋ ಮ್ಯೂಸಿಕ್ ಪ್ರೋಗ್ರಾಮ್ ಇದೆಯಂತಲ್ಲ. ಎಲ್ಲಿ ಅಂತ ನಿಮಗೇನಾದ್ರೂ ಗೊತ್ತಾ? ನನ್ನ ಫೋನ್ ಚಾರ್ಜ್ ಖಾಲಿಯಾಗಿದೆ, ಬೆಳಿಗ್ಗೆಯಿಂದ ಬಂದ ಮೆಸೇಜ್ ಒಂದೂ ನೋಡೋಕಾಗಿಲ್ಲ."

ನಾನು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಕನ್ನಡಕ! ಕೊಡೆ! ಬ್ಯಾಗಿನ ತುಂಬ ಫೈಲು! ಇವರು ಯಾವ ಇಲಾಖೆ ಎಂದು ಗೊತ್ತಾಗಲಿಲ್ಲ, ಆದರೆ ಇಲಾಖೆ ಎಂಬುದರಲ್ಲಿ ಸಂಶಯವಿರಲಿಲ್ಲ. ಪಾರ್ಟಿ ನಿಲ್ಲಿಸಲು ಬಂದಿದ್ದಾರೆ! ಸಿಂಚನ ಬೇಕಾದ ಅನುಮತಿಗಳನ್ನೆಲ್ಲ ಪಡೆದಿದ್ದಳು. ಆದರೂ ನಮ್ಮಂಥವರಿಗೆ ಅನುಮತಿ ಇದ್ದಾಗಲೇ ಭಯ ಜಾಸ್ತಿ. ಮಗಳನ್ನು ಕಾಪಾಡುವ ಭಾರ ಈಗ ಸಂಪೂರ್ಣವಾಗಿ ನನ್ನ ಮೇಲೆ ಬಿದ್ದಿತ್ತು.

"ಕಕ್ಕಬೆಯಲ್ಲಿಯಾ? ಇಲ್ಲ ಮೇಡಂ," ಎಂದೆ, ಗಂಭೀರವಾಗಿ. "ಅದು ಪೊನ್ನಂಪೇಟೆಗೆ ಬದಲಾಯಿತಂತೆ."

"ಅಯ್ಯೋ! ಕೊನೇ ಗಳಿಗೇಲಿ ಜಾಗ ಬದಲಾಯಿಸಿಬಿಟ್ರಾ?"

"ಈಗಿನ ಮಕ್ಕಳು ಮೇಡಂ. ಒಂದು ಕಡೆ ನಿಲ್ಲೋದಿಲ್ಲ."

ಅವರು ನಕ್ಕರು. "ಹೌದು, ಇಂಥ ಪಾರ್ಟಿಗಳೇ ಹೀಗೆ. ನನಗೇನೂ ಹೊಸದಲ್ಲ."

ಇಲಾಖೆಯವರಿಗೆ ಇದು ಹೇಗೆ ಹಳೆಯದು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಹೊತ್ತಿಗೆ ನಾನು ಉಪಕಾರದ ಉತ್ಸಾಹದಲ್ಲಿದ್ದೆ. ಕಕ್ಕಬೆಯಿಂದ ಬಹುದೂರದ ಪೊನ್ನಂಪೇಟೆಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವರ ಬ್ಯಾಗನ್ನು ನಾನೇ ಹೊತ್ತು ಬಸ್ಸಿಗೇರಿಸಿದೆ, ಕಿಟಕಿ ಪಕ್ಕದ ಸೀಟು ಕೊಡಿಸಿದೆ. ಅಷ್ಟಕ್ಕೇ ಬಿಡದೆ ಕಂಡಕ್ಟರನ್ನು ಕರೆದು, "ಮೇಡಂ ನಮ್ಮವರು. ಪೊನ್ನಂಪೇಟೆ ಬರುವವರೆಗೆ ಎಲ್ಲೂ ಇಳಿಸಬೇಡಿ!" ಎಂದು ಅಪ್ಪಣೆ ಮಾಡಿದೆ. ಅವರು ಕಿಟಕಿಯಿಂದ ಕೈಬೀಸಿದರು. ನಾನೂ ಬೀಸಿದೆ.

ತಿರುಗಿ ನೋಡಿದರೆ, ದೇವರೇ ಕಳಿಸಿದ ಹಾಗೆ ಡಿಜೆ ನಿಂತಿದ್ದ! ಉದ್ದ ಕೂದಲು, ಓಲೆ, ಹೆಡ್‌ಫೋನ್, ಕೈಯಲ್ಲಿ ಕಪ್ಪು ಪೆಟ್ಟಿಗೆ. ಒಂದೂ ತಪ್ಪಿಲ್ಲ. ಅಂಡರ್‌ಗ್ರೌಂಡ್ ಎಂದ ಮೇಲೆ ಹೆಸರು ಕೂಗುವಂತಿಲ್ಲವಲ್ಲ. ಹತ್ತಿರ ಹೋಗಿ ಪಿಸುಗುಟ್ಟಿದೆ.

"ಸೌಂಡಾ?"

ಅವನು ಸ್ವಲ್ಪ ಬೆಚ್ಚಿ, ಇಂಗ್ಲಿಷಿನಲ್ಲಿ, "ಹೌದು, ಸೌಂಡ್" ಎಂದ.

"ಅಂಡರ್‌ಗ್ರೌಂಡಾ?"

ಅವನ ಮುಖ ಅರಳಿತು. "ಪೂರ್ತಿ ಅಂಡರ್‌ಗ್ರೌಂಡ್! ವರ್ಷವಿಡೀ ಕೆಳಗೇ ಇರೋದು. ಮೊದಲ ಮಳೆ ಬಿದ್ದಾಗ ಮಾತ್ರ ಮೇಲೆ ಬಂದು ಕೂಗೋದು. ನಿಮಗೆ ಇದರ ಬಗ್ಗೆ ಗೊತ್ತಾ?"

"ಎಲ್ಲ ಗೊತ್ತು. ಬನ್ನಿ, ಗಾಡಿ ರೆಡಿ ಇದೆ" ಎಂದೆ. ಕಲಾವಿದರ ಬದುಕು ಎಷ್ಟು ಕಷ್ಟ ಎಂದು ಮನಸ್ಸಿನಲ್ಲೇ ಮರುಗಿದೆ.

ನಾಪೋಕ್ಲು ದಾಟುವಾಗ ಅವನು, "ಎಷ್ಟು ಜನ ಸೇರಬಹುದು?" ಎಂದು ಕೇಳಿದ.

"ಇನ್ನೂರಕ್ಕೆ ಮೋಸ ಇಲ್ಲ. ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ."

"ನನ್ನ ವಿಷಯಕ್ಕೆ ಹದಿನೈದು ಜನಕ್ಕಿಂತ ಹೆಚ್ಚು ಎಲ್ಲೂ ಬಂದಿಲ್ಲ" ಎಂದು ಕಿಟಕಿಯತ್ತ ಮುಖ ತಿರುಗಿಸಿದ. ಎಂಥ ವಿನಯ! ದೊಡ್ಡ ಡಿಜೆಗಳು ಹೀಗೇ ಇರುತ್ತಾರೆ ಎಂದುಕೊಂಡೆ. ನಾನು ಅಲ್ಲಿಯವರೆಗೆ ಸಣ್ಣ ಡಿಜೆಯನ್ನೂ ಕಂಡಿರಲಿಲ್ಲ.

ಗೋಡೌನ್ ತಲುಪಿದಾಗ ಸಿಂಚನ ಹಿಂದಿನ ಜನರೇಟರ್ ಹತ್ತಿರ ಇದ್ದಳು. ಆಗಲೇ ಬಂದಿದ್ದ ಕೆಲವರು ಅಂಗಳದಲ್ಲಿ ಕೂತಿದ್ದರು. ನಾನು ಎದೆಯುಬ್ಬಿಸಿ, "ಮೇನ್ ಗೆಸ್ಟ್ ಬಂದರು! ಇವರದ್ದನ್ನು ಜೋಡಿಸಿ" ಎಂದು ಸೌಂಡಿನವರಿಗೆ ಆಜ್ಞೆ ಕೊಟ್ಟೆ. ಅವನು ಸಂಕೋಚದಿಂದಲೇ ಪೆಟ್ಟಿಗೆ ತೆರೆದು ಏನೋ ಕೊಟ್ಟ. ಜೋಡಿಸಿದರು.

ಆಳೆತ್ತರದ ಸ್ಪೀಕರಿನಿಂದ ಸದ್ದು ಹೊರಟಿತು. ಟ್ರೊಕ್. ಟ್ರೊಕ್. ಟ್ರೊಕ್ ಟ್ರೊಕ್. ಗೋಡೌನಿನ ತಗಡು ನಡುಗಿತು. ಒಳಗೆ ಬಂದಿದ್ದ ಇಬ್ಬರು ಹುಡುಗರು ಕಣ್ಣು ಮುಚ್ಚಿ ತಲೆಯಾಡಿಸತೊಡಗಿದರು. ನಾನೂ ಆಡಿಸಿದೆ. ನನ್ನ ಹೆಂಡತಿ ಲಲಿತ ಕಡುಬಿನ ಪಾತ್ರೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಇದ್ ಎಂತ? ಕಪ್ಪೆ ಕೂಗಿದಂಗೆ ಉಟ್ಟಲ್ಲ!" ಎಂದು ಕೆನ್ನೆಯುಬ್ಬಿಸಿ ಕಪ್ಪೆಯಂತೆ ಕೂಗಿ ತೋರಿಸಿದಳು.

"ನಿಂಗೆ ಗೊತ್ತಿಲ್ಲೆ, ಸುಮ್ಮನಿರ್" ಎಂದೆ. "ಇದ್ ಟೆಕ್ನೋ."

"ಅವರು ಹೇಳಿದ್ದೇ ಸರಿ" ಎಂದ ನಮ್ಮ ಗೆಸ್ಟ್, ಲಲಿತಳ ಅಭಿನಯದಿಂದಲೇ ಅರ್ಥ ಮಾಡಿಕೊಂಡು, ಬಹಳ ಸಂತೋಷದಿಂದ. "ಕಪ್ಪೆ! ನೆಲದಡಿ ಬದುಕುವ ಕಪ್ಪೆ. ನನ್ನ ಉಪನ್ಯಾಸ ಎಷ್ಟು ಹೊತ್ತಿಗೆ?"

ಅದೇ ಕ್ಷಣದಲ್ಲಿ ಹೋಂಸ್ಟೇಯ ವೈಫೈ ನನ್ನ ಫೋನನ್ನು ಹಿಡಿಯಿತು. ಸುತ್ತುತ್ತಿದ್ದ ಚಕ್ರ ನಿಂತಿತು. ಫೋಟೋ ತೆರೆದುಕೊಂಡಿತು. ಕಾಟನ್ ಸೀರೆ. ದಪ್ಪ ಕನ್ನಡಕ. ಹಿಂದೆ ಗೋಡೆ ತುಂಬ ಗ್ರಾಮಫೋನ್ ತಟ್ಟೆಗಳು!

ಆ ಬ್ಯಾಗಿನಲ್ಲಿದ್ದದ್ದು ಫೈಲುಗಳಲ್ಲ.

ಸಿಂಚನ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಅಪ್ಪ, ತಾರಾ ಮೇಡಂ ಎಲ್ಲಿ? ಇವರು ಯಾರು?"

ನಾನು ಬಾಯಿ ತೆರೆದೆ. ಸ್ಪೀಕರಿನಿಂದ ಕಪ್ಪೆಯೇ ನನ್ನ ಪರವಾಗಿ ಉತ್ತರ ಕೊಟ್ಟಿತು. ಟ್ರೊಕ್.

ಆ ಯುವಕನ ಹೆಸರು ಅನಿಕೇತ್. ಪುಣೆಯವನು, ಕಪ್ಪೆಗಳ ಸಂಶೋಧಕ. ಪೊನ್ನಂಪೇಟೆ ಕಡೆಯ ಕಾಲೇಜೊಂದರಲ್ಲಿ ಆ ಸಂಜೆಯೇ ಅವನ ಉಪನ್ಯಾಸವಿತ್ತು. ಕರೆದೊಯ್ಯಲು ಗಾಡಿ ಬರುತ್ತದೆಂದು ಹೇಳಿದ್ದರಂತೆ. ಆ ಗಾಡಿಗಿಂತ ಮೊದಲು ನಾನು ಬಂದಿದ್ದೆ. ಅಂದರೆ ಪೊನ್ನಂಪೇಟೆಗೆ ಹೋಗಬೇಕಾದವನನ್ನು ಕಕ್ಕಬೆಗೆ ತಂದಿದ್ದೆ. ಕಕ್ಕಬೆಗೆ ಬರಬೇಕಾದವರನ್ನು ಪೊನ್ನಂಪೇಟೆಗೆ ಕಳಿಸಿದ್ದೆ. ಎರಡರಲ್ಲಿ ಒಂದಾದರೂ ಆಕಸ್ಮಿಕವಾಗಿ ಸರಿಯಾಗಬಾರದಿತ್ತೇ!

ಸಿಂಚನ ಕಿರುಚಾಡಿದ್ದರೆ ಪರವಾಗಿರಲಿಲ್ಲ. ಅವಳು ಸುಮ್ಮನೆ ಖಾಲಿ ಮೂಟೆಗಳ ರಾಶಿಯ ಮೇಲೆ ಕೂತಳು. "ಎಲ್ಲರೂ ಅವರಿಗಾಗಿ ಬಂದದ್ದು, ಅಪ್ಪ" ಎಂದಳು. ಕಣ್ಣು ತುಂಬಿತ್ತು. ಮಗಳ ಆ ಮುಖ ನೋಡಿ ನನಗೆ ನೆಲದಡಿ ಬದುಕುವ ಕಪ್ಪೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ತಾರಾ ಮೇಡಂ! ಪೊನ್ನಂಪೇಟೆಯ ಬೇಕರಿಯೊಂದರಲ್ಲಿ ಫೋನ್ ಚಾರ್ಜಿಗೆ ಹಾಕಿ ಕರೆ ಮಾಡಿದ್ದರು. "ನಾನು ಬಂದು ತಲುಪಿದೀನಮ್ಮ. ಪಾರ್ಟಿ ಯಾವ ಕಡೆ? ಯಾರೋ ಪುಣ್ಯಾತ್ಮರು ಬಸ್ಸಿಗೆ ಹತ್ತಿಸಿದ್ರು, ಕಂಡಕ್ಟರ್ ಮಧ್ಯದಲ್ಲಿ ಕಾಫಿಗೂ ಇಳಿಯೋಕೆ ಬಿಡಲಿಲ್ಲ."

ಜೀಪ್ ಮತ್ತೆ ಹೊರಟಿತು. ಹಿಂದೆ ಅನಿಕೇತ್. ಮುಂದೆ ಲಲಿತ. "ನಾನೂ ಬರೊಕು" ಎಂದು ಹಟ ಹಿಡಿದಿದ್ದಳು. "ನಿಮ್ಮನ್ನ ಒಬ್ಬರನ್ನೇ ಬುಟ್ಟರೆ ಅವರನ್ನ ಕೇರಳದ ಬಸ್ಸಿಗೆ ಹತ್ತಿಸಿಬುಡುವಿರಿ!"

ವಿರಾಜಪೇಟೆ ದಾಟಿದ ಮೇಲೆ ಒಂದು ಜೋರು ಮಳೆ ಬಂದು ನಿಂತಿತು. ತಕ್ಷಣ ಅನಿಕೇತ್, "ನಿಲ್ಲಿಸಿ!" ಎಂದು ಕೂಗಿದ. ಜೀಪ್ ಪಂಕ್ಚರ್ ಎಂದುಕೊಂಡು ನಿಲ್ಲಿಸಿದೆ. ಅವನು ಹಾರಿ ಗದ್ದೆಗಿಳಿದು, ಮೈಕ್ ಹಿಡಿದು ಕೆಸರಿನಲ್ಲಿ ಕೂತುಬಿಟ್ಟ. ಕಪ್ಪೆ ಕೂಗುತ್ತಿತ್ತಂತೆ. ನಾನು ಹಾರ್ನ್ ಒತ್ತಿದೆ. ಕಪ್ಪೆ ಸುಮ್ಮನಾಯಿತು. ಅದು ಮತ್ತೆ ಕೂಗುವವರೆಗೆ ಅವನು ಏಳುವುದಿಲ್ಲ ಎಂದ! ಕೊನೆಗೆ ಲಲಿತ ಸೀರೆ ಎತ್ತಿಕಟ್ಟಿ ಗದ್ದೆಗಿಳಿದು, ಮಗುವನ್ನು ಎಬ್ಬಿಸುವಂತೆ ಅವನ ಕೈಹಿಡಿದು ಎಬ್ಬಿಸಿ ತಂದಳು. ನನ್ನನ್ನು ದಾಟುವಾಗ, "ಇವ ವಾಸಿ. ಕಪ್ಪೆ ಹುಡುಕಲಾದರೂ ಸರಿಯಾದ ಜಾಗಕ್ಕೆ ಬಂದ" ಎಂದಳು.

ಅನಿಕೇತನನ್ನು ಕಾಲೇಜಿನವರ ಕೈಗೆ ಒಪ್ಪಿಸಿ ಬೇಕರಿಗೆ ಬಂದೆವು. ತಾರಾ ಮೇಡಂ ಬನ್ ತಿನ್ನುತ್ತ ಕೂತಿದ್ದರು. ನನ್ನನ್ನು ಕಂಡು ಸಂತೋಷದಿಂದ ಎದ್ದು ನಿಂತರು.

"ಅರೆ ಸರ್! ನೀವೂ ಪಾರ್ಟಿಗೆ ಬಂದ್ರಾ?"

ನಾನು ಲಲಿತಳ ಬೆನ್ನ ಹಿಂದೆ ಸರಿದೆ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನನ್ನನ್ನು ಬೆಳಕಿಗೆ ತಂದಳು. ಬೇರೆ ದಾರಿಯಿರಲಿಲ್ಲ. ಸಿಂಚನಳ ತಂದೆ ನಾನೇ, ಜಾಗ ಬದಲಾಗಿಲ್ಲ, ನಿಮ್ಮನ್ನು ಇಲಾಖೆಯವರೆಂದು ತಿಳಿದೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ ಕೈಮುಗಿದು ನಿಂತೆ.

ಮೇಡಂ ಬನ್ ಕೆಳಗಿಟ್ಟರು. ಕನ್ನಡಕ ತೆಗೆದರು. ಆಮೇಲೆ ಟೇಬಲ್ಲಿಗೆ ತಲೆಯಿಟ್ಟು ಎಷ್ಟು ನಕ್ಕರೆಂದರೆ ಬೇಕರಿಯವನು ನೀರು ತಂದುಕೊಟ್ಟ.

"ಯಾವ ಇಲಾಖೆ ಅಂದ್ಕೊಂಡ್ರಿ ಸರ್? ಅದೊಂದು ಹೇಳಿಬಿಡಿ!"

ಹಿಂದಿರುಗುವ ದಾರಿಯಲ್ಲಿ ನಾನು ಯಾರನ್ನೂ ಯಾವ ಬಸ್ಸಿಗೂ ಹತ್ತಿಸಲಿಲ್ಲ. ಕಕ್ಕಬೆ ತಲುಪಿದಾಗ ಬಯಲು ಕತ್ತಲಾಗಿತ್ತು. ಅಲ್ಲಿಯವರೆಗೆ ಉಳಿದ ಇಬ್ಬರು ಡಿಜೆಗಳು ಎಳೆದು ಎಳೆದು ನುಡಿಸಿ ಜನರನ್ನು ಹಿಡಿದಿಟ್ಟಿದ್ದರು. ಒಬ್ಬರೂ ಎದ್ದು ಹೋಗಿರಲಿಲ್ಲ! ಸಿಂಚನ ಓಡಿಬಂದು ಮೇಡಂ ಅವರನ್ನು ತಬ್ಬಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದೆ. ಅವಳು ನನ್ನನ್ನೂ ತಬ್ಬಿಕೊಂಡಳು.

ತಾರಾ ಮೇಡಂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ತಟ್ಟೆ ತಿರುಗಿಸಿದರು. ಆ ಸಂಗೀತ ನನಗೆ ಅರ್ಥವಾಯಿತು ಎಂದರೆ ಸುಳ್ಳು. ಆದರೆ ಎದೆಯೊಳಗೆ ಯಾರೋ ಮೆಲ್ಲನೆ ಬಾಗಿಲು ತಟ್ಟಿದಂತಿತ್ತು. ಇನ್ನೂರು ಮಕ್ಕಳು ಒಬ್ಬರ ಕಾಲನ್ನು ಇನ್ನೊಬ್ಬರು ತುಳಿಯದೆ ಕುಣಿಯುತ್ತಿದ್ದರು. ಅವರ ನಡುವೆ ನನ್ನ ಮಗಳು ನಗುತ್ತಿದ್ದಳು, ಈ ಸಲ ಅಡುಗೆಮನೆಯಲ್ಲಲ್ಲ. ನಾನು ಕಂಬಕ್ಕೊರಗಿ ನಿಂತು ಎರಡು ತಟ್ಟೆ ಕಡುಬು ತಿಂದೆ.

ಹತ್ತು ಗಂಟೆಗೆ ಸದ್ದು ನಿಲ್ಲಿಸಬೇಕೆಂಬ ನಿಯಮ. ಕೊನೆಯ ಹಾಡು ಮುಗಿಯುವ ಮೊದಲೇ ಮೇಡಂ ಮೈಕ್ ಹಿಡಿದು, ನನ್ನ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸ್ಪೀಕರಿನ ಪಕ್ಕದಲ್ಲೇ ನಿಂತಿದ್ದ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಇಡೀ ಗೋಡೌನ್ ನನ್ನತ್ತ ತಿರುಗಿ ಹೋ ಎಂದು ಕೂಗಿ ಚಪ್ಪಾಳೆ ಹೊಡೆಯಿತು. ಎಷ್ಟು ದೊಡ್ಡ ಮನಸ್ಸು! ನನ್ನ ಶ್ರಮವನ್ನು ಸಭೆಯ ಮುಂದೆ ಸ್ಮರಿಸಿದ್ದಾರೆ! ನಾನು ಕಣ್ಣೊರೆಸಿಕೊಂಡು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವಿಗೊಮ್ಮೆ ಬಾಗಿ ಕೈಮುಗಿದೆ. ಚಪ್ಪಾಳೆ ಇನ್ನೂ ಜೋರಾಯಿತು. ಮತ್ತೊಮ್ಮೆ ಬಾಗಿದೆ.

"ಎಂತ ಹೇಳಿದೊ ಅವರು?" ಎಂದು, ಬಾಗಿಲ ಕಡೆಯಿಂದ ಬಂದ ಲಲಿತಳನ್ನು ಕೇಳಿದೆ.

ನಗು ತಡೆಯಲಾರದೆ ಅವಳು ನನ್ನ ಹೆಗಲು ಹಿಡಿದುಕೊಂಡಳು.

"ಎಲ್ಲರೂ ಹುಷಾರಾಗಿ ಮನೆಗೆ ಹೋಗಿ, ಆದರೆ ಈ ಅಂಕಲ್ ಹತ್ರ ಮಾತ್ರ ದಾರಿ ಕೇಳ್ದು ಬೊತ್ತು ಅಂತ!"