ವಾರ್ಡನ್ ಬಾಗಿಲಿಗೆ ಬಂದ ಪಶ್ಚಾತ್ತಾಪ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಹಾಸ್ಟೆಲ್ ವಾರ್ಡನ್ ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಒಂದು ಸೌಟು ಮಲಗಿತ್ತು.

ಎರಡು ತಿಂಗಳ ಹಿಂದೆ ಅಡುಗೆಮನೆಯಿಂದ ಮಾಯವಾಗಿದ್ದ ಸೌಟು ಅದು. ಹಾಸ್ಟೆಲಿನಲ್ಲಿ ಕಳುವಾದ ವಸ್ತುಗಳು ಒಟ್ಟು ಏಳು: ಊಟದ ಕೋಣೆಯ ಗಡಿಯಾರ, ಪ್ರಿನ್ಸಿಪಾಲ್ ಫಾದರ್ ಅವರ ಕೊಡೆ, ಇಸ್ತ್ರಿ ಪೆಟ್ಟಿಗೆ, ಈ ಸೌಟು, ಪ್ರಾರ್ಥನೆಯ ಕೈಗಂಟೆ, ಒಂದು ಬಕೆಟ್, ಕೇರಂ ಬೋರ್ಡಿನ ಸ್ಟ್ರೈಕರ್. ಸೋಮವಾರ ಸಂಜೆ ಐದರೊಳಗೆ ಕಳ್ಳ ಸಿಗದಿದ್ದರೆ ಹಾಸ್ಟೆಲನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಪ್ರಿನ್ಸಿಪಾಲರು ಮೆಲುದನಿಯಲ್ಲಿ ಹೇಳಿದ್ದರು. ಅವರು ಮೆಲುದನಿಯಲ್ಲಿ ಹೇಳಿದ್ದನ್ನು ಎರಡನೆಯ ಸಲ ಹೇಳುವವರಲ್ಲ. ಇವತ್ತು ಸೋಮವಾರ.

ವಾರ್ಡನ್ ಸೌಟನ್ನು ಕೈಯಿಂದ ಮುಟ್ಟಲಿಲ್ಲ. ಕಳ್ಳನ ಬೆರಳಚ್ಚು ಅಳಿಸಬಾರದಲ್ಲ. ಬಾಗಿಲ ಹಿಂದೆ ನೇತಾಡುತ್ತಿದ್ದ ಕೊಡೆ ತೆಗೆದು, ಅದರ ಹಿಡಿಯಿಂದ ಸೌಟನ್ನು ಒಳಗೆಳೆದು ಮಂಚದ ಕೆಳಕ್ಕೆ ನೂಕಿದರು.

ಅವರಿಗೆ ಅನುಮಾನವೆಂದರೆ ಬೆಳಗಿನ ಕಾಫಿಯಿದ್ದಂತೆ. ಅದಿಲ್ಲದೆ ದಿನ ಶುರುವಾಗುತ್ತಿರಲಿಲ್ಲ. ಇವತ್ತಂತೂ ಎರಡನೆಯ ಲೋಟಕ್ಕೂ ಕಾರಣವಿತ್ತು. ಚರ್ಚಿನ ಮೂರು ದಿನದ ಧ್ಯಾನಕೂಟಕ್ಕೆ ಹೋಗಿದ್ದ ನಲವತ್ತೆರಡು ಹುಡುಗರು ನಿನ್ನೆ ಸಂಜೆ ಮರಳಿದ್ದರು. ಬಸ್ಸಿನ ಚಾವಣಿ ಹಾರುವಂತೆ ಕಿರುಚುತ್ತ ಹೋದವರು ಬೆಕ್ಕಿನ ಹೆಜ್ಜೆಯಲ್ಲಿ ಇಳಿದಿದ್ದರು. ಈಗ ನಲ್ಲಿಯ ಮುಂದೆ ಸಾಲಾಗಿ ನಿಂತು, 'ಮೊದಲು ನೀನು', 'ಇಲ್ಲ, ನೀನೇ' ಎಂದು ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು. ಕಾಲು ಗಂಟೆಯಾದರೂ ಒಂದು ಬಕೆಟ್ಟೂ ತುಂಬಿರಲಿಲ್ಲ.

"ಇವರಿಗೆಲ್ಲ ಏನಾಗಿದೆಯಯ್ಯಾ?" ಎಂದು ವಾರ್ಡನ್ ಅಡುಗೆಯವನನ್ನು ಕೇಳಿದರು. ಹುಡುಗರ ಬಾಯಲ್ಲಿ ಅವನು ಅಡುಗೆಯಣ್ಣ.

"ದೇವರು ಮುಟ್ಟಿದ್ದಾನೆ, ಸಾರ್."

"ಮೂರು ದಿನದಲ್ಲಿ ನಲವತ್ತೆರಡು ಜನಾನೂ?"

ಅಡುಗೆಯಣ್ಣ ನಕ್ಕ. ಆ ನಗು ವಾರ್ಡನ್‌ಗೆ ಸರಿಬರಲಿಲ್ಲ. ಹುಡುಗರು ಇಲ್ಲದಾಗ ಇಡೀ ಹಾಸ್ಟೆಲಿನಲ್ಲಿ ಓಡಾಡಿಕೊಂಡಿದ್ದವನು ಇವನೊಬ್ಬನೇ. ಗಡುವು ಹತ್ತಿರ ಬಂತೆಂದು ಕದ್ದ ಮಾಲನ್ನು ನನ್ನ ಬಾಗಿಲಿಗೆ ತಂದು ಸುರಿಯುತ್ತಿದ್ದಾನೆ ಎಂದು ಅವರು ಲೆಕ್ಕ ಹಾಕಿದರು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೊಸ್ತಿಲಲ್ಲಿ ಗಡಿಯಾರ. ತಿಂಡಿ ಮುಗಿಸಿ ಬರುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ, ಅದರ ಮೇಲೆ ಸ್ಟ್ರೈಕರ್. ಪತ್ರಿಕೆ ತರಲು ಹೋಗಿ ಬಂದರೆ ಕೈಗಂಟೆ. ಎಲ್ಲವನ್ನೂ ಕೊಡೆಯ ಹಿಡಿಯಿಂದಲೇ ಎಳೆದು ಮಂಚದ ಕೆಳಗೆ ಸೇರಿಸಿದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ.

ಅಡುಗೆಯಣ್ಣ ಚಹಾ ತಂದು ಬಾಗಿಲಲ್ಲಿ ನಿಂತಿದ್ದಾಗ ಮಂಚದ ಕೆಳಗಿನಿಂದ ಢಣ್ ಎಂದು ಶುರುವಾಯಿತು.

"ಏನ್ ಸಾರ್ ಅದು?"

"ನನ್ನ ಹೊಟ್ಟೆ ಕಣಯ್ಯಾ. ತಿಂಡಿ ಸರಿಹೋಗಲಿಲ್ಲ."

ಅಡುಗೆಯಣ್ಣ ಕೊನೆಯ ಢಣ್‌ವರೆಗೂ ತಾಳ್ಮೆಯಿಂದ ಕೇಳಿಸಿಕೊಂಡ. "ಹನ್ನೊಂದು ಸಲ ಹೊಡೀತು, ಸಾರ್. ಈಗ ಹನ್ನೊಂದೇ ಗಂಟೆ," ಎಂದವನೇ ಲೋಟ ಇಟ್ಟು, ಪ್ರಿನ್ಸಿಪಾಲರ ಕಚೇರಿಯ ಕಡೆ ನಡೆದ.

ಮೂರು ಗಂಟೆಗೆ ಬೇಟೆ ಸಿಕ್ಕಿತು. ಬಾಗಿಲ ಸಂದಿಯಲ್ಲಿ ಕಾದಿದ್ದ ವಾರ್ಡನ್, ಬಕೆಟ್ ಇಟ್ಟು ತಿರುಗಿದವನ ಕಾಲರಿಗೆ ಕೊಡೆಯ ಕೊಕ್ಕೆ ಹಾಕಿ ಎಳೆದರು. ಸಿಕ್ಕಿದ್ದು ಅಡುಗೆಯಣ್ಣನಲ್ಲ, ಕೊನೆಯ ವರ್ಷದ ಲಂಬು. ಮೈಯುದ್ದ ಆರಡಿ, ಮುಖ ಮಾತ್ರ ಅಳು ನುಂಗಿದ ಮಗುವಿನದು.

"ಬಕೆಟ್ ನಾನೇ ತಗೊಂಡಿದ್ದು, ಸಾರ್. ಉಳಿದಿದ್ದು ಯಾರು ಅಂತ ಕೇಳಬೇಡಿ. ವಸ್ತು ವಾಪಸ್ ಇಡದೆ ಪಶ್ಚಾತ್ತಾಪ ಪಟ್ಟರೆ ಅದು ಬರೀ ಬಾಯಿಮಾತು ಅಂತ ಧ್ಯಾನಕೂಟದ ಫಾದರ್ ಹೇಳಿದ್ರು. ಅವರ ಹತ್ರ ತಪ್ಪು ಹೇಳಿಕೊಂಡು ಪಾಪನಿವೇದನೆ ಮಾಡಿ ಬಂದ ಮೇಲೆ ಎರಡು ತಿಂಗಳಲ್ಲಿ ಮೊದಲನೇ ಸಲ ಸರಿಯಾಗಿ ನಿದ್ದೆ ಬಂತು, ಸಾರ್."

ವಾರ್ಡನ್ ಅತಿಥಿಗಳ ಕೋಣೆಗೆ ಓಡಿದರು. ಹುಡುಗರ ಜೊತೆ ಬಂದು ರಾತ್ರಿ ತಂಗಿದ್ದ ಧ್ಯಾನಕೂಟದ ಫಾದರ್ ಊರಿಗೆ ಹೊರಡಲು ಬಟ್ಟೆ ಮಡಚುತ್ತಿದ್ದರು. ಹೆಸರು ಕೇಳಿದ್ದಕ್ಕೆ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ, ಕೇಳಿದ್ದೇನೆಂದೂ ಹೇಳುವಂತಿಲ್ಲ ಎಂದರು. ಆಮೇಲೆ ವಾರ್ಡನ್ ಮುಖವನ್ನೇ ದಿಟ್ಟಿಸಿ ಕೇಳಿದರು: "ನಿಮಗೂ ಏನಾದರೂ ಹೇಳಿಕೊಳ್ಳೋದಿದೆಯಾ?"

"ನನಗಾ? ಬೇರೆಯವರದ್ದು ಒಂದು ಗುಂಡುಸೂಜಿನೂ ನನ್ನ ಹತ್ರ ಇಲ್ಲ, ಫಾದರ್," ಎಂದ ವಾರ್ಡನ್, ಕೊಡೆ ಊರಿಕೊಂಡು ಹಿಂದಿರುಗಿದರು.

ಐದು ಗಂಟೆಗೆ ಪ್ರಿನ್ಸಿಪಾಲರು ಅಡುಗೆಯಣ್ಣನೊಂದಿಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿದರು. ಎದ್ದು ನಿಂತಾಗ ಅವರ ಮುಖ ನೋಡಿದ ವಾರ್ಡನ್ ಬೆಳಗಿನಿಂದ ನಡೆದದ್ದನ್ನು ಒಂದೇ ಉಸಿರಿಗೆ ಒದರಿದರು. ಹೇಳುತ್ತ ಹೋದಂತೆ ಅದು ಅವರಿಗೇ ಕಟ್ಟುಕತೆಯಂತೆ ಕೇಳಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಸೇರಿದ್ದ ಹುಡುಗರ ನಡುವಿನಿಂದ ಲಂಬು ಮುಂದೆ ಬಂದು, "ಬಕೆಟ್ ನಾನು, ಫಾದರ್," ಎಂದ. ಹಿಂದೆಯೇ ಒಬ್ಬ ಸೌಟನ್ನೂ ಮತ್ತೊಬ್ಬ ಗಡಿಯಾರವನ್ನೂ ಒಪ್ಪಿಕೊಂಡರು. ಕೊನೆಗೆ ಸ್ಟ್ರೈಕರ್ ಕದ್ದವನು ಬಿಕ್ಕಿ ಬಿಕ್ಕಿ ಅತ್ತ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು ವಾರ್ಡನ್ ಭುಜ ತಟ್ಟಿದರು.

"ಆರಾಯಿತು. ನನ್ನ ಕೊಡೆ?"

ವಾರ್ಡನ್ ಎದೆಯುಬ್ಬಿಸಿದರು. "ಅವನೊಬ್ಬ ಕಲ್ಲು, ಫಾದರ್. ಇಷ್ಟು ಜನ ಕರಗಿದರೂ ಕರಗಿಲ್ಲ. ನಾನು ಬಿಡೋದಿಲ್ಲ."

ಹೊರಗೆ ಮಳೆ ಹಿಡಿದಿತ್ತು. "ಸದ್ಯಕ್ಕೆ ನಿಮ್ಮದು ಕೊಡಿ," ಎಂದರು ಪ್ರಿನ್ಸಿಪಾಲರು. ವಾರ್ಡನ್ ಎರಡೂ ಕೈಯಲ್ಲಿ ಕೊಟ್ಟರು.

ಪ್ರಿನ್ಸಿಪಾಲರು ಕೊಡೆ ಬಿಚ್ಚಿದವರು ಮೆಟ್ಟಿಲಲ್ಲೇ ನಿಂತರು. ಒಳಬಟ್ಟೆಯಲ್ಲಿ ಕೆಂಪು ದಾರದಲ್ಲಿ ಒಂದು ಶಿಲುಬೆ, ಅದರ ಕೆಳಗೆ ಅವರ ಹೆಸರಿನ ಎರಡು ಅಕ್ಷರ.

"ನಮ್ಮಮ್ಮ ಹೊಲಿದಿದ್ದು," ಎಂದರು. ಮೆಲುದನಿಯಲ್ಲಿ.

ಎರಡು ತಿಂಗಳ ಹಿಂದೆ ಇಂಥದೇ ಮಳೆಯಲ್ಲಿ ವಾರ್ಡನ್ ಪ್ರಿನ್ಸಿಪಾಲರ ಕಚೇರಿಯ ಮೂಲೆಯಿಂದ ಅವಸರದಲ್ಲಿ ತಮ್ಮದೆಂದುಕೊಂಡು ಈ ಕೊಡೆ ಎತ್ತಿಕೊಂಡಿದ್ದರು. ಮುರಿದಿದ್ದ ಕಡ್ಡಿ ತಾನಾಗಿಯೇ ಸರಿಹೋಗಿದೆಯೆಂದು ಖುಷಿಪಟ್ಟಿದ್ದರು. ಹನ್ನೊಂದು ವರ್ಷದ ವಾರ್ಡನ್‌ಗಿರಿಯಲ್ಲಿ ಅವರು ಅನುಮಾನಪಡದೆ ಬಿಟ್ಟ ಸಂಗತಿ ಅದೊಂದೇ.

"ವಾಪಸ್ ಕೊಟ್ಟಿರಲ್ಲ, ಸಾರ್," ಎಂದು ಲಂಬು ಸಮಾಧಾನ ಹೇಳಿದ. "ಇವತ್ತು ನಿದ್ದೆ ಬರುತ್ತೆ, ನೋಡಿ."

ಮಂಗಳವಾರ ಹಾಸ್ಟೆಲಿನ ಬೀಗದ ಕೈಗೊಂಚಲು ಅಡುಗೆಯಣ್ಣನ ಕೈಸೇರಿತು. ಶುಕ್ರವಾರ ವಾರ್ಡನ್ ಮೂರು ದಿನದ ಧ್ಯಾನಕೂಟಕ್ಕೆ ಹೊರಟರು. ಮಳೆ ಬಿಟ್ಟಿರಲಿಲ್ಲ, ಕಚೇರಿಯ ಮೂಲೆಯಿಂದ ತಂದ, ಕಡ್ಡಿ ಮುರಿದ ತಮ್ಮ ಕೊಡೆ ಹಿಡಿದು ಹೋದರು.